ಮೂವತ್ತು ರೂಪಾಯಿ ಕೆಲಸಕ್ಕೆ ರಾಮಾನುಜನ್ ಬರೆದ ಅರ್ಜಿ

ಕೆಲಸ ಹೋಗಿ ಆರು ತಿಂಗಳಾಗಿದೆ, ಕವರ್ ಲೆಟರ್‌ನಲ್ಲಿ ಆ ಗ್ಯಾಪ್ ಹೇಳೋದಾ, ಮುಚ್ಚಿಡೋದಾ? ಲೇಆಫ್ ಆದಾಗ ನಾನೂ ಇದೇ ಯೋಚನೇಲಿ ರಾತ್ರಿಗಟ್ಟಲೆ ಕೂತಿದ್ದೆ.

1912ರ ಫೆಬ್ರವರಿ 9ರಂದು ಶ್ರೀನಿವಾಸ ರಾಮಾನುಜನ್ ಮದ್ರಾಸ್ ಪೋರ್ಟ್ ಟ್ರಸ್ಟಿಗೆ ಗುಮಾಸ್ತನ ಕೆಲಸ ಕೇಳಿ ಬರೆದ್ರು. ಅವರ ರೆಸ್ಯೂಮೆ ಹೇಗಿತ್ತು? ಕುಂಭಕೋಣದಲ್ಲಿ ಸ್ಕಾಲರ್‌ಶಿಪ್ ಹೋಗಿತ್ತು, ಆಮೇಲೆ ಎಫ್.ಎ. ಫೇಲು, ಡಿಗ್ರಿ ಇಲ್ಲ. ಪತ್ರದಲ್ಲಿ ಇದೆಲ್ಲ ಒಂದೇ ವಾಕ್ಯ: ಎಫ್.ಎ.ವರೆಗೆ ಓದಿದೆ, ಅನಿವಾರ್ಯ ಕಾರಣಗಳಿಂದ ಮುಂದೆ ಓದಲಾಗಲಿಲ್ಲ. (ಫೇಲ್ ಅನ್ನೋ ಪದ ಮಾತ್ರ ಇಲ್ಲ ಅನ್ನಿ!) ತಕ್ಷಣ ಮುಂದಿನ ಮಾತು: ಅಲ್ಲಿಂದೀಚೆಗೆ ಪೂರ್ತಿ ಸಮಯ ಗಣಿತಕ್ಕೇ ಕೊಟ್ಟಿದ್ದೇನೆ, ಈ ಕೆಲಸ ಸರಿಯಾಗಿ ಮಾಡಬಲ್ಲೆ. ಜೊತೆಗೆ ಪ್ರೆಸಿಡೆನ್ಸಿ ಕಾಲೇಜಿನ ಮಿಡಲ್‌ಮಾಸ್ಟ್ ಅವರ ಶಿಫಾರಸು. ಮಾರ್ಚ್ 1ಕ್ಕೆ ಕೆಲಸ ಶುರು, ತಿಂಗಳಿಗೆ 30 ರೂಪಾಯಿ.

ಮುಂದಿನ ವರ್ಷ ಜನವರಿ 16ರಂದು ಕೇಂಬ್ರಿಡ್ಜ್‌ನ ಹಾರ್ಡಿಗೆ ಬರೆದಾಗಲೂ ಅದೇ ಗ್ಯಾಪ್. ಯೂನಿವರ್ಸಿಟಿ ಓದು ಇಲ್ಲ, ವರ್ಷಕ್ಕೆ 20 ಪೌಂಡ್ ಸಂಬಳದ ಗುಮಾಸ್ತ ಅಂತ ಮೊದಲೇ ಹೇಳಿಬಿಟ್ರು. ಆದ್ರೆ ಇಲ್ಲಿ ಶಿಫಾರಸಿನ ಜಾಗದಲ್ಲಿ ಪುಟಗಟ್ಟಲೆ ಪ್ರಮೇಯಗಳು. ಪೋರ್ಟಿನವರಿಗೆ ಬೇಕಿದ್ದದ್ದು ನಂಬಿಕಸ್ಥ ಗುಮಾಸ್ತ. ಹಾರ್ಡಿಗೆ ಬೇಕಿದ್ದದ್ದು ಗಣಿತ. ಅದಕ್ಕೂ ಮುಂಚೆ ಕೇಂಬ್ರಿಡ್ಜ್‌ನ ಬೇಕರ್, ಹಾಬ್ಸನ್ ಇಬ್ಬರಿಗೂ ಬರೆದಿದ್ರು, ಏನೂ ಪ್ರಯೋಜನ ಆಗಿರಲಿಲ್ಲ. ಹಾರ್ಡಿ ಮಾತ್ರ ಆ ಹಾಳೆಗಳನ್ನ ಲಿಟಲ್‌ವುಡ್ ಜೊತೆ ಕೂತು ಓದಿದ್ರು.

1914ರ ಮಾರ್ಚ್ 17ರಂದು ಮದ್ರಾಸಿನ ಅದೇ ಬಂದರಿನಿಂದ ರಾಮಾನುಜನ್ ಇಂಗ್ಲೆಂಡಿಗೆ ಹಡಗು ಹತ್ತಿದ್ರು.