‘ಬಡವಾಗಿದ್ದೀಯಲ್ಲ!’: ಮೈಯ ಮಾತುಗಳ ಹಿಂದಿನ ಚರಿತ್ರೆ

ಬಂಗಾರಪೇಟೆಯಲ್ಲಿ ಬಹಳ ದಿನಗಳ ಮೇಲೆ ಭೇಟಿಯಾದ ಇಬ್ಬರು ಮೊದಲು ಮಾತಾಡುವುದು ಮೈಯ ಬಗ್ಗೆ. ಕನ್ನಡದವರು ‘ಯಾಕಮ್ಮಾ, ಇಷ್ಟು ಬಡವಾಗಿದ್ದೀಯಲ್ಲ’ ಎನ್ನುತ್ತಾರೆ. ತೆಲುಗಿನವರು ‘ಚಿಕ್ಕಿಪೋಯಾವೇ’ ಎಂದರೆ ತಮಿಳರು ‘ಇಳೆಚ್ಚು ಪೋಯಿಟ್ಟಿಯೇ’ ಎನ್ನುತ್ತಾರೆ. ನಮ್ಮ ದಖನಿಯಲ್ಲಿ ‘ಕಿತ್ತಾ ಸೂಕ್ ಗಯೀ ಗೇ!’ ಭಾಷೆ ನಾಲ್ಕು, ಕೇಳುವ ಪ್ರಶ್ನೆ ಒಂದೇ: ಮೈ ಯಾಕೆ ಇಳಿದಿದೆ, ಊಟ ಸರಿಯಾಗಿಲ್ಲವೆ, ಕಾಯಿಲೆಯೇನಾದರೂ ಇದೆಯೆ?

ಇದೇ ಮಾತನ್ನು ಇಂದಿನ ಕಾಲೇಜು ಹುಡುಗಿ ಬೇರೆಯಾಗಿ ಕೇಳಿಸಿಕೊಳ್ಳುತ್ತಾಳೆ. ಆರು ತಿಂಗಳಿಂದ ಅನ್ನ ಕಡಿಮೆ ಮಾಡಿದ್ದಕ್ಕೆ ಫಲ ಸಿಕ್ಕಿತೆಂದು ಅವಳಿಗೆ ಒಳಗೊಳಗೇ ಖುಷಿ. ಅದೇ ಹುಡುಗಿಗೆ ಫುಫ್ಫುವೋ ದೊಡ್ಡಮ್ಮನೋ ‘ಈಗ ಮೈಕೈ ತುಂಬಿಕೊಂಡು ಚೆನ್ನಾಗಿದ್ದೀಯ’ ಎಂದು ಮನಸಾರೆ ಹೊಗಳಿದರೆ ಅವತ್ತು ರಾತ್ರಿ ಅವಳು ಊಟ ಬಿಡುತ್ತಾಳೆ. ಹೊಗಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕೇಳಿದವಳಿಗೆ ನೋವಾದದ್ದೂ ಸುಳ್ಳಲ್ಲ. ಹಾಗಾದರೆ ಅದು ಹೊಗಳಿಕೆಯೋ ತೆಗಳಿಕೆಯೋ? ಉತ್ತರ ಬೇಕಿದ್ದರೆ ಈ ಪದಗಳು ಯಾವ ಕಾಲವನ್ನು ದಾಟಿ ನಮ್ಮ ಬಾಯಿಗೆ ಬಂದಿವೆ ಎಂಬುದನ್ನು ನೋಡಬೇಕು.

ಮೊದಲು ‘ಬಡ’ ಎಂಬ ಕನ್ನಡ ಪದವನ್ನೇ ತೆಗೆದುಕೊಳ್ಳೋಣ. ಹಣವಿಲ್ಲದವನು ಬಡವ. ಮೈಯಲ್ಲಿ ಮಾಂಸವಿಲ್ಲದ ದನ ಬಡಕಲು ದನ. ಸಣ್ಣಗಾದವರು ಬಡವಾದವರು. ಅಂದರೆ ತೆಳುವಾಗುವುದಕ್ಕೂ ದರಿದ್ರರಾಗುವುದಕ್ಕೂ ಕನ್ನಡದಲ್ಲಿ ಬೇರು ಒಂದೇ. ಉಣ್ಣಲು ಇದ್ದವನ ಮೈ ತುಂಬಿರುತ್ತದೆ, ಇಲ್ಲದವನ ಮೈ ಒಣಗಿರುತ್ತದೆ ಎಂಬುದು ಈ ಮಾತನ್ನು ಕಟ್ಟಿದ ಜನರ ಕಣ್ಣೆದುರಿನ ಸತ್ಯವಾಗಿತ್ತು. ‘ಅಯ್ಯೋ ಬಡವಾ’ ಎಂದು ಗೆಳೆಯನನ್ನು ಪ್ರೀತಿಯಿಂದ ಬೈಯುವುದೂ ಉಂಟು. 2021ರ ಕೊನೆಯಲ್ಲಿ ‘ಬಡವ ರಾಸ್ಕಲ್’ ಎಂಬ ಹೆಸರಿನಲ್ಲಿ ಸಿನಿಮಾವೇ ಬಂತು. ಕೇಳಿದವರಿಗೆ ಅದು ಅವಮಾನ ಅನ್ನಿಸಲಿಲ್ಲ.

ಈ ಸೀಮೆಯ ಜನಕ್ಕೆ ಬಡವಾಗುವುದೆಂದರೆ ಏನೆಂದು ಅತ್ಯಂತ ಕ್ರೂರವಾಗಿ ತಿಳಿದದ್ದು 1876ರಿಂದ 1878ರವರೆಗಿನ ಮಹಾ ಬರಗಾಲದಲ್ಲಿ. ಧಾತು ಸಂವತ್ಸರ ಮತ್ತು ಅದರ ಹಿಂದೆಯೇ ಬಂದ ಈಶ್ವರ ಸಂವತ್ಸರದ ಬರ ಅದು. ತಮಿಳರು ಅದನ್ನು ಧಾತು ವರ್ಷದ ಪಂಜಂ ಎಂದೇ ಕರೆದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರದಷ್ಟಿತ್ತು. ಹತ್ತು ವರ್ಷಗಳ ನಂತರ, 1881ರಲ್ಲಿ, ಅದು 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ ಏರಬೇಕಾದ ಲೆಕ್ಕ ಎಂಟೂವರೆ ಲಕ್ಷಕ್ಕೂ ಹೆಚ್ಚು ಇಳಿಯಿತು. ಸಂಸ್ಥಾನ ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. ಗಟ್ಟಿಮುಟ್ಟಾದವರಿಗೆ ಮಣ್ಣು ಹೊರುವ, ಕಲ್ಲು ಒಡೆಯುವ ಕೆಲಸ, ಕೈಲಾಗದವರಿಗೆ ಗಂಜಿ ಎಂಬುದು ಪರಿಹಾರದ ಕ್ರಮ. ಯಾರು ಯಾವ ಸಾಲಿಗೆ ಎಂಬುದನ್ನು ಅಧಿಕಾರಿ ಮೈ ನೋಡಿ ತೀರ್ಮಾನಿಸುತ್ತಿದ್ದ. ಪಕ್ಕದ ಮದರಾಸು ಪ್ರಾಂತದಲ್ಲಿ ದಿನಕ್ಕೆ ಒಂದು ಪೌಂಡು ಧಾನ್ಯ ಸಾಕೆಂದು ರಿಚರ್ಡ್ ಟೆಂಪಲ್ ವಾದಿಸಿದಾಗ, ಅದರಲ್ಲಿ ದುಡಿಯುವ ಮನುಷ್ಯ ಬದುಕಲಾರನೆಂದು ಪ್ರಾಂತದ ನೈರ್ಮಲ್ಯ ಕಮಿಷನರ್ ಆಗಿದ್ದ ಡಾಕ್ಟರ್ ಕಾರ್ನಿಷ್ ವಿರೋಧಿಸಿದ್ದರು. ಅವರ ಜಗಳವೂ ಮೈಯ ತೂಕದ ಮೇಲೆಯೇ ನಡೆದಿತ್ತು.

ಇಂಥ ಬರವನ್ನು ಕಂಡ ಅಜ್ಜಿ ತನ್ನ ಮಗಳಿಗೆ, ಆ ಮಗಳು ತನ್ನ ಮಗಳಿಗೆ ದಾಟಿಸಿದ ಭಾಷೆಯಲ್ಲಿ ದಪ್ಪ ಎಂಬುದು ಬೈಗುಳವಾಗಲು ಹೇಗೆ ಸಾಧ್ಯ? ಮೈ ತುಂಬಿಕೊಂಡಿದೆ, ದಷ್ಟಪುಷ್ಟ, ಕಟ್ಟುಮಸ್ತು, ಗುಂಡುಗುಂಡಾಗಿದ್ದಾನೆ, ಇವೆಲ್ಲ ಆಗ ನೆಮ್ಮದಿಯ ಮಾತುಗಳು. ಪುಷ್ಟ ಎಂದರೆ ಪೋಷಣೆ ಪಡೆದದ್ದು ಎಂದೇ ಅರ್ಥ. ನಮ್ಮ ಮನೆಗಳ ‘ತಂದುರುಸ್ತ್’ ಪದವನ್ನು ಬಿಡಿಸಿದರೆ ಪಾರ್ಸಿಯಲ್ಲಿ ತನ್ ಎಂದರೆ ದೇಹ, ದುರುಸ್ತ್ ಎಂದರೆ ಸರಿಯಾಗಿರುವುದು. ‘ಸೆಹತ್‌ಮಂದ್’ ಎಂದರೆ ಆರೋಗ್ಯವಂತ. ಕೆನ್ನೆ ತುಂಬಿದ ಮಗುವನ್ನು ನೋಡಿ ನಾನೀಮಾ ‘ಕ್ಯಾ ತಂದುರುಸ್ತ್ ಹೈ’ ಎಂದು, ದೃಷ್ಟಿಯಾದೀತೆಂದು ಕೂಡಲೇ ‘ಮಾಶಾ ಅಲ್ಲಾಹ್’ ಸೇರಿಸುತ್ತಿದ್ದರು. ದೃಷ್ಟಿಯಾಗುವುದು ಒಳ್ಳೆಯದಕ್ಕೆ ತಾನೆ? ಈಗ ಅದೇ ‘ಸೆಹತ್‌ಮಂದ್’ ಎಂಬುದನ್ನು ದಪ್ಪ ಎಂದು ನೇರವಾಗಿ ಹೇಳಲು ಸಂಕೋಚಪಡುವವರು ಮದುವೆ ಮಾತುಕತೆಯಲ್ಲಿ ಬಳಸುತ್ತಾರೆ. ಪದ ಅದೇ, ಅದರೊಳಗಿದ್ದ ಸಂತೋಷ ಮಾತ್ರ ಹೋಗಿದೆ.

ಬರ ಮುಗಿದ ಕೆಲವೇ ವರ್ಷಗಳಲ್ಲಿ, 1880ರ ವೇಳೆಗೆ, ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಗೆ ಕೈಹಾಕಿತು. ಆಗ ನಮ್ಮ ಊರಿನ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಹೆಸರಿನದು. ಬೆಂಗಳೂರಿನಿಂದ ಜೋಲಾರಪೇಟೆಗೆ ಹೋಗುವ ರೈಲುಮಾರ್ಗ 1864ರಲ್ಲೇ ಬಂದಿತ್ತು. ಇಲ್ಲಿಂದ ಗಣಿಗೆ ಕವಲು ದಾರಿ 1890ರ ದಶಕದಲ್ಲಿ ಸೇರಿಕೊಂಡಿತು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯ ಹಳ್ಳಿಗಳಿಂದ ಸಾವಿರಾರು ಜನ, ಅವರಲ್ಲಿ ಬಹುಪಾಲು ದಲಿತರು, ಗಣಿ ಕೂಲಿಗೆ ಬಂದರು. ಬರದಲ್ಲಿ ಬಡವಾದ ಮೈಗಳಿಗೆ ಗಣಿ ಎರಡು ಹೊತ್ತಿನ ಊಟದ ಭರವಸೆ ಕೊಟ್ಟಿತು.

ಆದರೆ ಗಣಿಯೂ ಮೈಯನ್ನು ಬಿಡಲಿಲ್ಲ. ಚಿನ್ನ ಇದ್ದದ್ದು ಬೆಣಚುಕಲ್ಲಿನ ಒಳಗೆ. ಆ ಕಲ್ಲನ್ನು ಕೊರೆದಾಗ ಏಳುವ ನುಣುಪು ಧೂಳು ಶ್ವಾಸಕೋಶದಲ್ಲಿ ಕೂತರೆ ಮತ್ತೆ ಹೊರಬರುವುದಿಲ್ಲ. ಆ ಕಾಯಿಲೆಗೆ ಸಿಲಿಕೋಸಿಸ್ ಎಂದು ಹೆಸರು. ಅದು ಬಂದವರಿಗೆ ಕ್ಷಯ ಅಂಟಿಕೊಳ್ಳುವುದು ಸುಲಭ. 1940ರಿಂದ 1946ರವರೆಗೆ ಕೋಲಾರದ ಗಣಿಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ತಪಾಸಣೆ ಮಾಡಿದಾಗ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿಯಲ್ಲಿ ಈ ರೋಗ ಕಂಡುಬಂತು. ಮೆಟ್ಟಿಲು ಹತ್ತಿದರೆ ಏದುಸಿರು, ಕೆಮ್ಮು, ಆಮೇಲೆ ಇಳಿಯುತ್ತ ಹೋಗುವ ಮೈ.

ಇಲ್ಲಿ ಭಾಷೆಗಳ ಸಾಕ್ಷ್ಯವನ್ನು ಗಮನಿಸಬೇಕು. ತಮಿಳಿನ ‘ಇಳೈಪ್ಪು’ ಎಂಬ ಪದಕ್ಕೆ ಮೈ ಸೊರಗುವುದು, ದಣಿಯುವುದು, ಏದುಸಿರು ಬಿಡುವುದು ಎಂಬ ಮೂರು ಅರ್ಥಗಳೂ ಇವೆ. ‘ಇಳೈಪ್ಪು ನೋಯ್’ ಎಂದರೆ ಕ್ಷಯರೋಗ. ನಮ್ಮ ‘ಕ್ಷಯ’ಕ್ಕೆ ಸಂಸ್ಕೃತದಲ್ಲಿ ಕಡಿಮೆಯಾಗುತ್ತ ಹೋಗುವುದು ಎಂದರ್ಥ. ಉರ್ದುವಿನಲ್ಲಿ ಅದೇ ರೋಗ ‘ತಪೇದಿಖ್’. ತೆಳುವು, ಸೂಕ್ಷ್ಮ ಎಂಬ ಅರ್ಥದ ಅರಬಿ ಮೂಲದಿಂದ ಬಂದ ಪದ ಅದು. ಮೂರು ಭಾಷೆಗಳೂ ಆ ರೋಗವನ್ನು ಮೈ ಕರಗುವುದರಿಂದಲೇ ಗುರುತಿಸಿವೆ. ಗಣಿ ಲೈನಿನ ಮನೆಯೊಂದರಲ್ಲಿ ಹೆಂಡತಿ ಗಂಡನಿಗೆ ‘ಇಳೆಚ್ಚು ಪೋಯಿಟ್ಟೀಂಗಳೇ’ ಎಂದಾಗ ಅದರಲ್ಲಿ ಎಷ್ಟು ಭಯವಿದ್ದಿರಬೇಕು! ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅದು ಕಲಿಸಿದ ಭಯ ಇನ್ನೂ ಕ್ಷೇಮಸಮಾಚಾರದ ಮಾತಿನಲ್ಲಿ ಉಳಿದುಕೊಂಡಿದೆ.

ಇದರರ್ಥ ಹಳೆಯ ಕಾಲದಲ್ಲಿ ಮೈಯ ಮೇಲೆ ಹಾಸ್ಯವೇ ಇರಲಿಲ್ಲವೆಂದಲ್ಲ. ಠೊಣಪ, ಡುಮ್ಮಿ, ನರಪೇತಲ, ಕುಳ್ಳ, ಲಂಬೂ, ಮೋಟೂ, ಒಂದೇ ಎರಡೇ! ಪದವೊಂದು ಎರಡೂ ಕಡೆ ಹೇಗೆ ಹೊರಳುತ್ತದೆ ಎಂಬುದಕ್ಕೆ ‘ಪೈಲ್ವಾನ್’ ಒಳ್ಳೆಯ ಉದಾಹರಣೆ. ಪಾರ್ಸಿಯ ‘ಪಹ್ಲವಾನ್’ ಎಂದರೆ ವೀರ. ಶಾಹನಾಮೆಯ ರುಸ್ತುಂ ಅಂಥವನು. ದಖನಿನ ಮೂಲಕ ಕನ್ನಡಕ್ಕೆ ಬಂದು ಅದು ಗರಡಿಮನೆಯಲ್ಲಿ ಕುಸ್ತಿಯಾಳಿನ ಬಿರುದಾಯಿತು. ಕನ್ನಡಿಗರು ಅದರ ಹಿಂದೆ ಒಂದು ಕಡ್ಡಿ ಸೇರಿಸಿ ‘ಕಡ್ಡಿ ಪೈಲ್ವಾನ್’ ಮಾಡಿದರು. ರುಸ್ತುಂನ ಬಿರುದು ಬಡಕಲು ಹುಡುಗನ ಗೇಲಿಯಾಯಿತು. ಗೆಳೆಯರ ಗುಂಪಿನಲ್ಲಿ ಅದನ್ನು ಕೇಳಿ ಅವನೇ ತೋಳು ಮಡಚಿ ತೋರಿಸಿ ನಗುತ್ತಾನೆ. ಶಾಲೆಯಲ್ಲಿ ಮೇಷ್ಟ್ರು ಎಲ್ಲರೆದುರು ಹಾಗೆ ಕರೆದರೆ ಅವನು ತಲೆ ತಗ್ಗಿಸುತ್ತಾನೆ. ಗೆಳೆಯನಿಗೆ ‘ಹೋಗೋ ಡುಮ್ಮ’ ಎಂದು ತಿರುಗಿ ಹೇಳಬಹುದು, ಮೇಷ್ಟ್ರಿಗೆ ಹೇಳಲಾಗದು.

‘ಗುಂಡ’ ಎಂಬುದೂ ಹಾಗೆಯೇ. ಮನೆಯಲ್ಲಿ ಮುದ್ದಿನ ಹೆಸರು, ಬೀದಿಯಲ್ಲಿ ಚೇಷ್ಟೆ. ಆದರೆ ನಮ್ಮದೇ ಜಿಲ್ಲೆಯ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರ ಹೆಸರು ಹೇಳುವಾಗ ಯಾರ ಮನಸ್ಸಿನಲ್ಲಾದರೂ ಮೈಯ ಆಕಾರ ಸುಳಿಯುತ್ತದೆಯೆ? ಮಂಕುತಿಮ್ಮನನ್ನು ಕೊಟ್ಟವರ ಹೆಸರು ಅದು. ವ್ಯಕ್ತಿಯ ಮೇಲಿನ ಗೌರವ ಪದದ ಅರ್ಥವನ್ನೇ ನುಂಗಿಬಿಟ್ಟಿದೆ.

ಹೀಗೆ ಮೈಯಿಂದ ಹೆಸರಿಡುವುದರ ಬಗ್ಗೆ ಇಸ್ಲಾಮೀ ಪರಂಪರೆಯಲ್ಲಿ ಬಹಳ ಹಿಂದೆಯೇ ಚರ್ಚೆ ನಡೆದಿದೆ. ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯದ 11ನೆಯ ಸೂಕ್ತ ಪರಸ್ಪರ ಗೇಲಿ ಮಾಡುವುದನ್ನೂ ನೋಯಿಸುವ ಅಡ್ಡಹೆಸರಿನಿಂದ ಕರೆಯುವುದನ್ನೂ ತಡೆಯುತ್ತದೆ. ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕವಾಗಿ ಹೇಳುತ್ತದೆ. ಹಾಗಿದ್ದೂ ಹದೀಸ್ ವರದಿಗಾರರ ಪಟ್ಟಿಯಲ್ಲಿ ಅಅ್‌ರಜ್ ಅಂದರೆ ಕುಂಟ, ಅಅ್‌ಮಶ್ ಅಂದರೆ ಕಣ್ಣು ಮಂಜಾದವನು ಎಂಬ ಹೆಸರಿನ ಮಹನೀಯರಿದ್ದಾರೆ. ಬಸ್ರಾದ ಹುಮೈದ್ ಎಂಬವರನ್ನು ‘ತವೀಲ್’, ಅಂದರೆ ಉದ್ದನೆಯವರು, ಎಂದು ಕರೆಯುತ್ತಿದ್ದರು. ಅವರೇನೂ ಅಂಥ ಎತ್ತರದವರಲ್ಲವಂತೆ. ನೆರೆಯಲ್ಲಿ ಇನ್ನೊಬ್ಬ ಕುಳ್ಳ ಹುಮೈದ್ ಇದ್ದುದರಿಂದ ಗುರುತಿಗೆ ಇವರು ಉದ್ದ ಹುಮೈದ್ ಆದರೆಂದು ಹೇಳುತ್ತಾರೆ. ನಮ್ಮ ಬೀದಿಗಳ ಲಂಬೂ ಬಾಷಾ, ಮೋಟಾ ಬಾಷಾಗಳ ಕಥೆಯೂ ಇಷ್ಟೇ ತಾನೆ? ಇಮಾಮ್ ಬುಖಾರಿಯವರು ತಮ್ಮ ಸಂಗ್ರಹದಲ್ಲಿ ಉದ್ದ, ಗಿಡ್ಡ ಎಂದು ಜನರನ್ನು ಹೇಳಬಹುದಾದ ಸಂದರ್ಭಕ್ಕೆಂದೇ ಒಂದು ಅಧ್ಯಾಯ ಇಟ್ಟಿದ್ದಾರೆ. ಪ್ರವಾದಿ(ಸ)ರೇ ಒಬ್ಬ ಸಂಗಾತಿಯನ್ನು ‘ದುಲ್ ಯದೈನ್’, ಎರಡು ಕೈಗಳವರು, ಎಂಬ ಅಡ್ಡಹೆಸರಿನಿಂದ ಹೇಳಿದ್ದು ಅಲ್ಲಿ ಆಧಾರ. ಗುರುತಿಸಲು ಹೇಳುವುದು ಬೇರೆ, ಹೀಗಳೆಯಲು ಹೇಳುವುದು ಬೇರೆ ಎಂಬುದು ವಿದ್ವಾಂಸರ ತೀರ್ಮಾನ.

ಗೆರೆ ಎಲ್ಲಿದೆ ಎಂಬುದನ್ನು ಇನ್ನೆರಡು ವರದಿಗಳು ತೋರಿಸುತ್ತವೆ. ಹಜ್ರತ್ ಆಯಿಶಾ(ರ) ಒಮ್ಮೆ ಸಫಿಯ್ಯಾ(ರ) ಅವರ ಗಿಡ್ಡತನದ ಬಗ್ಗೆ ಸೂಚ್ಯವಾಗಿ ಆಡಿದಾಗ, ಆ ಮಾತನ್ನು ಸಮುದ್ರಕ್ಕೆ ಬೆರೆಸಿದರೆ ಸಮುದ್ರದ ನೀರೂ ಕೆಟ್ಟೀತು ಎಂಬರ್ಥದಲ್ಲಿ ಪ್ರವಾದಿ(ಸ) ಎಚ್ಚರಿಸಿದರು. ಸಫಿಯ್ಯಾ(ರ) ಗಿಡ್ಡಗಿದ್ದದ್ದು ನಿಜವೇ ಇರಬಹುದು. ಮಾತು ನಿಜವೆಂಬುದು ಅದಕ್ಕೆ ರಕ್ಷಣೆಯಾಗಲಿಲ್ಲ. ಇನ್ನೊಮ್ಮೆ ಮರ ಹತ್ತಿದ ಇಬ್ನ್ ಮಸ್ಊದ್(ರ) ಅವರ ಕಡ್ಡಿಯಂಥ ಕಾಲು ಕಂಡು ಸಂಗಾತಿಗಳು ನಕ್ಕರು. ಆ ಕಾಲುಗಳು ನಾಳೆ ತಕ್ಕಡಿಯಲ್ಲಿ ಉಹುದ್ ಬೆಟ್ಟಕ್ಕಿಂತ ಭಾರವಾಗಿರುತ್ತವೆ ಎಂಬ ಉತ್ತರ ಅವರಿಗೆ ಸಿಕ್ಕಿತು.

ಇನ್ನು ಇಂದಿನ ಸ್ಥಿತಿ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 30 ಮಂದಿ ಅತಿತೂಕದವರು, ಸುಮಾರು 17 ಮಂದಿ ಇರಬೇಕಾದ್ದಕ್ಕಿಂತ ತೆಳ್ಳಗಿನವರು. ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ಎರಡು ಕಾಲಗಳು ಬದುಕುತ್ತಿವೆ. ಅಮ್ಮನಿಗೆ ಸಕ್ಕರೆ ಕಾಯಿಲೆ, ಡಾಕ್ಟರು ತೂಕ ಇಳಿಸಲು ಹೇಳಿದ್ದಾರೆ. ಮಗಳಿಗೆ ರಕ್ತಹೀನತೆ, ತೂಕ ಏರಬೇಕಾಗಿದೆ. ಈ ಹೊಸ ಕಾಲ ಭಾಷೆಯನ್ನೂ ಎರಡಾಗಿ ಸೀಳಿದೆ. ‘ಸಣ್ಣಗಾಗಿದ್ದೀಯ’ ಎಂದರೆ ಈಗ ಹೊಗಳಿಕೆ, ‘ಸ್ಲಿಮ್ ಆಗಿದ್ದೀಯ’ ಎಂದರೆ ಇನ್ನೂ ದೊಡ್ಡ ಹೊಗಳಿಕೆ. ‘ಬಡವಾಗಿದ್ದೀಯ’ ಮಾತ್ರ ಹಾಗಾಗಲಿಲ್ಲ. ಅದು ಇಂದಿಗೂ ಕಳವಳದ ಮಾತು. ಆದ್ದರಿಂದ ಅಜ್ಜಿಯರ ಈ ಮಾತನ್ನು ಅವಮಾನವೆಂದು ತಳ್ಳಿಹಾಕುವ ಮೊದಲು ಅದರ ಹಿಂದಿರುವ ಬರವನ್ನೂ ಧೂಳನ್ನೂ ನೆನೆಯುವುದು ನ್ಯಾಯ.

ಆದರೆ ಚರಿತ್ರೆಯ ಹೆಸರಿನಲ್ಲಿ ಎಲ್ಲವನ್ನೂ ಮನ್ನಿಸಲಾಗದು. ಹೆಣ್ಣು ನೋಡಲು ಬಂದವರು ಚಹಾ ಕುಡಿಯುತ್ತ ‘ಹುಡುಗಿ ಸ್ವಲ್ಪ ಸೆಹತ್‌ಮಂದ್’ ಎಂದು ಮುಖ ಮುಖ ನೋಡಿಕೊಳ್ಳುವಾಗ ಅಲ್ಲಿ ಬರಗಾಲದ ನೆನಪೇನೂ ಇರುವುದಿಲ್ಲ. ಅಲ್ಲಿರುವುದು ಸಂತೆಯ ಲೆಕ್ಕ. ಪದ ನಾನೀಮಾ ಬಳಸಿದ್ದೇ ಆದರೂ ನಾನೀಮಾ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದರು. ಇವರು ಸೋಫಾದಲ್ಲಿ ಕೂತು, ಎದುರು ನಿಂತವಳನ್ನು ಅಳೆದು ಹೇಳುತ್ತಾರೆ. ಅವಳು ತಿರುಗಿ ‘ನಿಮ್ಮ ಮಗನೂ ಸೆಹತ್‌ಮಂದ್ ಇದ್ದಾರಲ್ಲ’ ಎನ್ನುವಂತಿಲ್ಲ. ಪದಕೋಶದಲ್ಲಿ ಹುಡುಕಿದರೆ ಇಲ್ಲಿ ಅವಮಾನ ಸಿಗುವುದಿಲ್ಲ. ತಿರುಗಿ ಮಾತಾಡುವ ಹಕ್ಕಿಲ್ಲದವಳ ಮೈಯ ಬಗ್ಗೆ ಆಡಿದ ಮಾತು ಎಷ್ಟೇ ಮಧುರವಾಗಿದ್ದರೂ ಹೊಗಳಿಕೆಯಾಗುವುದಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ನಮ್ಮಲ್ಲಿದೆ. ಊಟವನ್ನೂ ಮಾತನ್ನೂ ಹಿರಿಯರು ಒಂದೇ ಉಸಿರಿನಲ್ಲಿ ಹೇಳಿದರು. ‘ಬಡವಾಗಿದ್ದೀಯಲ್ಲ’ ಎಂದು ಕೇಳಿದವರು ಮುಂದಿನ ಮಾತಾಗಿ ‘ಬಾ, ಊಟ ಮಾಡು’ ಎನ್ನುತ್ತಿದ್ದರು. ಬಂಗಾರಪೇಟೆಯಿಂದ, ಗಣಿಯ ಊರುಗಳಿಂದ ನಸುಕಿನಲ್ಲೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವ ಮಕ್ಕಳಿಗೆ ಆ ಎರಡನೆಯ ಮಾತು ಹೇಳುವವರು ಇರುವವರೆಗೆ, ಮೊದಲನೆಯ ಮಾತಿನಿಂದ ಯಾರಿಗೂ ನೋವಾಗಲಾರದು.