ಅರಿಜೋನಾಕ್ಕೆ ಮರಳದವರು

ಅಮೆರಿಕದ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದವರು ತೀರಿಕೊಂಡಾಗ ಅವರ ದೇಹ ಅಥವಾ ಚಿತಾಭಸ್ಮ ಎಲ್ಲಿ ಸೇರಬೇಕೆಂಬುದನ್ನು ಅವರಾಗಲಿ ಅವರ ಮನೆಯವರಾಗಲಿ ತೀರ್ಮಾನಿಸುತ್ತಾರೆ. ಊರಿನ ಸ್ಮಶಾನ, ಸರ್ಕಾರ ನಡೆಸುವ ರಾಷ್ಟ್ರೀಯ ಸ್ಮಶಾನ, ತೆರೆದ ಕಡಲು ಈ ಮೂರರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದು. ಹವಾಯಿಯ ಪರ್ಲ್ ಹಾರ್ಬರ್ ಬಂದರಿನಲ್ಲಿ ಮುಳುಗಿರುವ ಅರಿಜೋನಾ ಎಂಬ ಯುದ್ಧನೌಕೆಯಿಂದ ಬದುಕಿ ಬಂದಿದ್ದವರಿಗೆ 1982ರಿಂದ ನಾಲ್ಕನೆಯ ದಾರಿಯೊಂದು ಸೇರಿಕೊಂಡಿತು. ಅವರ ಭಸ್ಮವನ್ನು ಆ ಹಡಗಿನೊಳಕ್ಕೇ ಇಳಿಸಲು ನೌಕಾಪಡೆ ಒಪ್ಪಿತು. ಈ ಪದ್ಧತಿಯ ಇತಿಹಾಸವನ್ನು ಹೇಳುವವರು ಹಡಗಿಗೆ ಮರಳಿದವರ ಮೇಲೆಯೇ ಕಣ್ಣಿಟ್ಟಿದ್ದಾರೆ. ಮರಳದೆ ಮನೆಯವರ ಮಗ್ಗುಲಲ್ಲಿ ಮಣ್ಣಾದವರನ್ನು ಬಿಟ್ಟು ಬರೆದರೆ ಆ ಇತಿಹಾಸ ಅರ್ಧವಷ್ಟೇ ಆಗುತ್ತದೆ.

1941ರ ಡಿಸೆಂಬರ್ 7ರ ಭಾನುವಾರ ಬೆಳಿಗ್ಗೆ ಎಂಟು ಗಂಟೆ ದಾಟಿದ ಕೆಲವೇ ನಿಮಿಷಗಳಲ್ಲಿ ಜಪಾನಿನ ವಿಮಾನವೊಂದು ಹಾಕಿದ, ಉಕ್ಕಿನ ಕವಚವನ್ನು ಭೇದಿಸಬಲ್ಲ ಬಾಂಬು ಅರಿಜೋನಾದ ಮುಂಭಾಗದ ಮದ್ದಿನ ಕೋಣೆಯನ್ನು, ಎಂದರೆ ಫಿರಂಗಿಗಳ ಸಿಡಿಮದ್ದನ್ನು ತುಂಬಿಡುವ ಉಗ್ರಾಣವನ್ನು, ಸ್ಫೋಟಿಸಿತು. 1,177 ಮಂದಿ ಸತ್ತರು. ಬದುಕುಳಿದವರು ಮುನ್ನೂರು ಚಿಲ್ಲರೆ. ಹಡಗಿನಿಂದ ಕೆಲವು ಫಿರಂಗಿಗಳನ್ನೂ ಬಳಕೆಗೆ ಬರುವ ಸಾಮಗ್ರಿಯನ್ನೂ ಹೊರತೆಗೆದ ನೌಕಾಪಡೆ ಒಡಲನ್ನು ಇದ್ದಲ್ಲಿಯೇ ಬಿಟ್ಟಿತು, ಅದರೊಂದಿಗೆ ಒಂಬೈನೂರಕ್ಕೂ ಹೆಚ್ಚು ಮಂದಿಯ ಅವಶೇಷಗಳು ಒಳಗೇ ಉಳಿದವು. ಕುಟುಂಬವೆಂಬುದು ಆ ಹಡಗಿಗೆ ಹೊರಗಿನ ಸಂಗತಿಯಾಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಒಡಹುಟ್ಟಿದವರು ಒಂದೇ ಹಡಗಿನಲ್ಲಿ ದುಡಿಯುವುದು ಆಗ ವಾಡಿಕೆಯಾಗಿದ್ದು, ಅರಿಜೋನಾದಲ್ಲಿ ಅಂಥ ಅಣ್ಣತಮ್ಮಂದಿರ ಮೂವತ್ತಕ್ಕೂ ಹೆಚ್ಚು ಜೋಡಿಗಳೋ ಗುಂಪುಗಳೋ ಇದ್ದವು. ತಂದೆ ಮಗ ಇಬ್ಬರೂ ಅಲ್ಲಿಯೇ ಸತ್ತ ಒಂದು ಪ್ರಸಂಗವೂ ದಾಖಲಾಗಿದೆ.

ಮುಳುಗಿದ ಒಡಲಿನ ಮೇಲೆ, ಅದನ್ನು ಎಲ್ಲಿಯೂ ತಾಕದಂತೆ ಅಡ್ಡಲಾಗಿ ಕಟ್ಟಿದ ಬಿಳಿಯ ಸ್ಮಾರಕ 1962ರಲ್ಲಿ ಲೋಕಾರ್ಪಣೆಗೊಂಡಿತು.

ಭಸ್ಮವನ್ನು ಒಳಗಿಡುವ ವಿಧಿ ಶುರುವಾದದ್ದು ಇದಾಗಿ ಇಪ್ಪತ್ತು ವರ್ಷಗಳ ಮೇಲೆ. ದಾಳಿಯ ದಿನ ಅರಿಜೋನಾದ ಸಿಬ್ಬಂದಿಯಾಗಿದ್ದವರಿಗಷ್ಟೇ ಈ ಹಕ್ಕಿತ್ತು. ಸ್ಮಾರಕದ ಮೇಲೆ ಪ್ರಾರ್ಥನೆ ಮುಗಿದು, ಬಂದೂಕಿನ ಗೌರವ ಸಲ್ಲಿಕೆಯಾಗಿ, ಕಹಳೆಯಲ್ಲಿ ‘ಟ್ಯಾಪ್ಸ್’ ನುಡಿಸಿದ ನಂತರ ಭಸ್ಮ ತುಂಬಿದ ಕರಂಡಕ ನೀರಿನಲ್ಲಿ ಕಾಯುತ್ತಿದ್ದ ಮುಳುಗುಗಾರರ ಕೈ ಸೇರುತ್ತಿತ್ತು. ಟ್ಯಾಪ್ಸ್ ಎಂಬುದು 1862ರಲ್ಲಿ, ಅಂತರ್ಯುದ್ಧದ ಕಾಲದಲ್ಲಿ, ವರ್ಜೀನಿಯಾದ ಶಿಬಿರವೊಂದರಲ್ಲಿ ಸೇನಾಧಿಕಾರಿ ಡೇನಿಯಲ್ ಬಟರ್‌ಫೀಲ್ಡ್ ದೀಪವಾರಿಸುವ ಹೊತ್ತಿನ ಸೂಚನೆಗಾಗಿ ತಿದ್ದಿ ಸಿದ್ಧಪಡಿಸಿದ 24 ಸ್ವರಗಳ ಕಿರುಗತ್ತು. ಮಲಗುವ ಕರೆಯೇ ಮುಂದೆ ಸೈನಿಕರ ಅಂತ್ಯಕ್ರಿಯೆಯ ಅಂಗವಾಯಿತು. ಮುಳುಗುಗಾರರು ಕರಂಡಕವನ್ನು ಹಿಡಿದು ಈಜಿಕೊಂಡು ಹೋಗಿ ನಾಲ್ಕನೆಯ ಫಿರಂಗಿ ಗೋಪುರದ ಬುಡದಲ್ಲಿರುವ ತೆರಪಿನೊಳಕ್ಕೆ ಜಾರಿಸಿಬಿಡುತ್ತಿದ್ದರು. ಆ ಬುಡವೆಂದರೆ ಗೋಪುರವನ್ನು ಹೊತ್ತು ನಿಲ್ಲಿಸುವ, ದಪ್ಪ ಉಕ್ಕಿನಿಂದ ಮಾಡಿದ ದುಂಡನೆಯ ಕೊಳವೆ. ಒಳಗೆ ಬಿಟ್ಟದ್ದನ್ನು ಮತ್ತೆ ತೆಗೆಯುವಂತಿಲ್ಲ. ಮನೆಯವರಿಗೆ ಉಳಿಯುತ್ತಿದ್ದುದು ಮುಕ್ಕೋನವಾಗಿ ಮಡಿಸಿ ಕೈಗಿತ್ತ ರಾಷ್ಟ್ರಧ್ವಜ ಮತ್ತು ಸ್ಮಾರಕದ ಕಲ್ಲಿನ ಮೇಲೆ ಕೆತ್ತಿದ ಹೆಸರು.

ರಾಷ್ಟ್ರೀಯ ಸ್ಮಶಾನಗಳಲ್ಲಿ ಯೋಧನ ಪತ್ನಿಗೂ ಜಾಗವುಂಟು, ಗಂಡ ಹೆಂಡಿರನ್ನು ಒಂದೇ ಕುಣಿಯಲ್ಲಿ ಇರಿಸುವುದು ಅಲ್ಲಿ ಸಾಮಾನ್ಯ. ನೌಕಾಪಡೆ ಕಡಲಿನಲ್ಲಿ ನಡೆಸುವ ಸಂಸ್ಕಾರಕ್ಕೂ ಪತ್ನಿಯರು ಅರ್ಹರು. ಅರಿಜೋನಾದ ಒಡಲು ಮಾತ್ರ ನಾವಿಕನನ್ನಷ್ಟೇ ಒಳಗೆ ಬಿಟ್ಟುಕೊಂಡಿತು. ಹಾಗಾಗಿ ಐವತ್ತು ಅರವತ್ತು ವರ್ಷ ಸಂಸಾರ ನಡೆಸಿದ ಮುದುಕನೊಬ್ಬ ಹಡಗನ್ನು ಆರಿಸಿಕೊಂಡರೆ ಹೆಂಡತಿಯ ಪಕ್ಕದ ಜಾಗ ಖಾಲಿ ಉಳಿಯುತ್ತಿತ್ತು, ಹೆಂಡತಿಯನ್ನು ಆರಿಸಿಕೊಂಡರೆ ಇಪ್ಪತ್ತರ ಹರೆಯದಲ್ಲೇ ಸತ್ತ ಜೊತೆಗಾರರಿಂದ ದೂರವಾಗಬೇಕಿತ್ತು. ಈ ಇಕ್ಕಟ್ಟು ಎಷ್ಟು ನಿಜವಾಗಿತ್ತೆಂಬುದು ಒಂದೇ ಹಗ್ಗದಿಂದ ಬದುಕಿಕೊಂಡ ಇಬ್ಬರ ವೃತ್ತಾಂತದಲ್ಲಿ ಕಾಣುತ್ತದೆ.

ಹಡಗು ಹೊತ್ತಿ ಉರಿಯುತ್ತಿದ್ದಾಗ ಪಕ್ಕದಲ್ಲಿದ್ದ ದುರಸ್ತಿ ಹಡಗು ವೆಸ್ಟಲ್‌ನಿಂದ ಜೋ ಜಾರ್ಜ್ ಎಂಬ ನಾವಿಕ ಎಸೆದ ಹಗ್ಗವನ್ನು ಬಿಗಿದುಕೊಂಡು, ಮೈ ಸುಟ್ಟುಹೋಗಿದ್ದ ಆರು ಮಂದಿ, ಕೆಳಗೆ ನೀರಿನ ಮೇಲೆ ಎಣ್ಣೆ ಉರಿಯುತ್ತಿರಲು, ಸುಮಾರು 70 ಅಡಿ ದೂರವನ್ನು ಕೈಯ ಮೇಲೆ ಕೈ ಹಾಕುತ್ತ ದಾಟಿದರು. ಅವರಲ್ಲಿ ಲಾರೆನ್ ಬ್ರೂನರ್ ಮತ್ತು ಡೊನಾಲ್ಡ್ ಸ್ಟ್ರಾಟನ್ ಸೇರಿದ್ದರು. 2019ರ ಸೆಪ್ಟೆಂಬರಿನಲ್ಲಿ 98ನೆಯ ವಯಸ್ಸಿನಲ್ಲಿ ತೀರಿಕೊಂಡ ಬ್ರೂನರ್ ಹಡಗನ್ನೇ ಬಯಸಿದ್ದರು; ಬಂಧುಗಳು ಬೇರೆ ಬೇರೆ ಕಡೆ ಮಣ್ಣಾಗಿದ್ದಾರೆ, ಹಡಗನ್ನು ನೋಡಲಾದರೋ ಬಹಳ ಜನ ಬರುತ್ತಾರೆ ಎಂಬುದು ಅವರು ಕೊಟ್ಟ ಕಾರಣವಾಗಿತ್ತು. ಅದೇ ವರ್ಷದ ಡಿಸೆಂಬರ್ 7ರ ಸಂಜೆ ಒಳಗಿಳಿದ ಅವರ ಕರಂಡಕ 44ನೆಯದು ಮತ್ತು ಕೊನೆಯದು. ಸ್ಟ್ರಾಟನ್ ಸುಟ್ಟಗಾಯಗಳಿಂದಾಗಿ 1942ರಲ್ಲಿ ಸೇವೆಯಿಂದ ಬಿಡುಗಡೆ ಹೊಂದಿದರೂ 1944ರಲ್ಲಿ ಮತ್ತೆ ಸೇರಿ ಯುದ್ಧ ಮುಗಿಯುವವರೆಗೆ ದುಡಿದವರು. ನೌಕಾಪಡೆಯ ಮೇಲಿನ ನಿಷ್ಠೆಯಲ್ಲಿ ಅವರನ್ನು ಬ್ರೂನರ್‌ಗಿಂತ ಕಡಿಮೆಯೆನ್ನಲು ಯಾವ ಆಧಾರವೂ ಇಲ್ಲ. 2020ರ ಫೆಬ್ರುವರಿಯಲ್ಲಿ ತೀರಿಕೊಂಡ ಅವರನ್ನು ಅವರ ಇಚ್ಛೆಯಂತೆಯೇ ನೆಬ್ರಾಸ್ಕಾದ ರೆಡ್ ಕ್ಲೌಡ್ ಎಂಬ, ಅವರು ಬೆಳೆದ ಸಣ್ಣ ಊರಿನಲ್ಲಿ ಮಣ್ಣು ಮಾಡಲಾಯಿತು.

ಬದುಕುಳಿದವರಲ್ಲಿ ಕೊನೆಯವರಾದ ಲೂ ಕಾಂಟರ್ ಕೂಡ ಮನೆಯನ್ನೇ ಆರಿಸಿಕೊಂಡರು. ದಾಳಿಯ ಹೊತ್ತಿನಲ್ಲಿ ಅವರು ಪಹರೆಯ ಮೇಲೆ ನಿಂತಿದ್ದುದು ಮೂರನೆಯ ಮತ್ತು ನಾಲ್ಕನೆಯ ಗೋಪುರಗಳ ನಡುವೆ, ಎಂದರೆ ಮುಂದೆ ಕರಂಡಕಗಳು ಇಳಿದ ಜಾಗಕ್ಕೆ ಕೆಲವೇ ಹೆಜ್ಜೆ ದೂರದಲ್ಲಿ. ಆಮೇಲೆ ವಿಮಾನ ಚಾಲಕರಾಗಿ ಪೆಸಿಫಿಕ್ ಯುದ್ಧದಲ್ಲಿ ಎರಡು ಸಲ ಹೊಡೆದುರುಳಿಸಲ್ಪಟ್ಟೂ ಬದುಕಿ, 1967ರಲ್ಲಿ ನಿವೃತ್ತರಾದ ಅವರು 2024ರ ಏಪ್ರಿಲ್ 1ರಂದು 102ನೆಯ ವಯಸ್ಸಿನಲ್ಲಿ ಕ್ಯಾಲಿಫೋರ್ನಿಯಾದ ಗ್ರಾಸ್ ವ್ಯಾಲಿಯಲ್ಲಿ ತೀರಿಕೊಂಡರು. ಅಲ್ಲಿಯೇ ಪತ್ನಿಯ ಪಕ್ಕದಲ್ಲಿ ಅವರನ್ನು ಮಣ್ಣು ಮಾಡಲಾಯಿತು.

ಮುನ್ನೂರು ಚಿಲ್ಲರೆ ಮಂದಿಯಲ್ಲಿ 44 ಎಂಬ ಸಂಖ್ಯೆಯಿಂದ ನೇರವಾಗಿ ತೀರ್ಪು ಕೊಡುವಂತಿಲ್ಲ, ಏಕೆಂದರೆ 1982ಕ್ಕೆ ಮೊದಲೇ ಸತ್ತವರಿಗೆ ಆಯ್ಕೆಯೇ ಇರಲಿಲ್ಲ, ಕೆಲವರು ಅದೇ ಯುದ್ಧದಲ್ಲಿ ಮುಂದೆ ಮಡಿದರು. ಆದರೂ ಮನೆಯನ್ನು ಆರಿಸಿಕೊಂಡವರು ನೌಕಾಪಡೆಗೆ ಬೆನ್ನು ತಿರುಗಿಸಿದರೆಂದು ಭಾವಿಸುವುದು ತಪ್ಪು; ಊರಿನಲ್ಲಿ ನಡೆಯುವ ಅಂತ್ಯಕ್ರಿಯೆಗೂ ಪಡೆ ಬರುತ್ತದೆ. 2000ದ ಜನವರಿಯಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಗೌರವಯುತವಾಗಿ ಸೇವೆ ಮುಗಿಸಿದ ಯಾವುದೇ ಯೋಧನ ಅಂತ್ಯಕ್ರಿಯೆಗೆ ಮನೆಯವರು ಕೇಳಿದರೆ ಸಮವಸ್ತ್ರದ ಕನಿಷ್ಠ ಇಬ್ಬರು ಸಿಬ್ಬಂದಿ ಹೋಗಲೇಬೇಕು. ಅವರಲ್ಲಿ ಒಬ್ಬರಾದರೂ ಮೃತರು ದುಡಿದ ಪಡೆಯವರೇ ಆಗಿರಬೇಕು; ಧ್ವಜ ಮಡಿಸಿ ಒಪ್ಪಿಸುವುದು, ಟ್ಯಾಪ್ಸ್ ಕೇಳಿಸುವುದು ಇವೆರಡೂ ಕಡ್ಡಾಯ, ಮನೆಯವರು ಇದಕ್ಕಾಗಿ ಏನನ್ನೂ ತೆರಬೇಕಿಲ್ಲ.