ಕೆಸರಿನ ಸಂಗಮದಿಂದ ಜೋಡಿ ಗೋಪುರದವರೆಗೆ

ಕ್ವಾಲಾಲಂಪುರ ಎಂದರೆ ಮಲಯ ಭಾಷೆಯಲ್ಲಿ ಕೆಸರಿನ ಸಂಗಮ. ಆ ಊರಿಗೆ ಹೋದವರು ಮೊದಲು ನೋಡುವುದು ಪೆಟ್ರೊನಾಸ್ ಜೋಡಿ ಗೋಪುರಗಳನ್ನು. ಸಮಯ ಉಳಿದರೆ ಹಳೆಯ ಊರಿಗೆ ಒಂದು ಸುತ್ತು. ಚರಿತ್ರೆಯ ವಿದ್ಯಾರ್ಥಿಗಳು ಈ ಕ್ರಮವನ್ನು ತಿರುಗಿಸಿಕೊಳ್ಳಬೇಕು ಎಂಬುದು ನನ್ನ ಸಲಹೆ. ಗೋಪುರವನ್ನು ಬುಡದಿಂದ ಓದಿದರೆ ಮಾತ್ರ ಅದರ ತುದಿ ಅರ್ಥವಾಗುತ್ತದೆ.

ಗೊಂಬಾಕ್ ಮತ್ತು ಕ್ಲಾಂಗ್ ನದಿಗಳು ಕೂಡುವ ಜಾಗದಿಂದ ಶುರುಮಾಡೋಣ. 1857ರಲ್ಲಿ ಸೆಲಂಗೋರಿನ ರಾಜಾ ಅಬ್ದುಲ್ಲಾ 87 ಮಂದಿ ಚೀನೀ ಕಾರ್ಮಿಕರನ್ನು ಈ ಸಂಗಮದ ಮೂಲಕ ಅಂಪಾಂಗಿನ ಕಾಡಿಗೆ ಕಳಿಸಿದ. ಹುಡುಕಿದ್ದು ತವರ. ಸಿಕ್ಕಿದ್ದು ತವರದ ಜೊತೆ ಮಲೇರಿಯಾ. ಅವರಲ್ಲಿ ಬಹುಪಾಲು ಜನ ಕೆಲವೇ ದಿನಗಳಲ್ಲಿ ಸತ್ತರು. ಆದರೂ ಗಣಿ ನಿಲ್ಲಲಿಲ್ಲ, ಊರು ಬೆಳೆಯಿತು. ಇಂದು ಜೋಡಿ ಗೋಪುರಗಳ ಪಕ್ಕದಲ್ಲಿ ಹಾದುಹೋಗುವ ಜಲಾನ್ ಅಂಪಾಂಗ್ ಎಂಬ ಹೆದ್ದಾರಿ ಆ ಗಣಿಗಳ ಕಡೆಗೆ ಹೋಗುತ್ತಿದ್ದ ದಾರಿ.

1881ರಲ್ಲಿ ಬೆಂಕಿ ಮತ್ತು ಪ್ರವಾಹ ಒಂದರ ಹಿಂದೊಂದು ಬಂದು ಮರ ಮತ್ತು ಗರಿಗಳ ಊರನ್ನು ಅಳಿಸಿಹಾಕಿದವು. ಬ್ರಿಟಿಷ್ ರೆಸಿಡೆಂಟ್ ಫ್ರಾಂಕ್ ಸ್ವೆಟನ್‌ಹ್ಯಾಮ್ ಇಟ್ಟಿಗೆ, ಹೆಂಚುಗಳಲ್ಲೇ ಮನೆ ಕಟ್ಟಬೇಕೆಂದು ಹುಕುಂ ಹೊರಡಿಸಿದ. ಇಟ್ಟಿಗೆ ಸುಟ್ಟ ಜಾಗಕ್ಕೆ ಬ್ರಿಕ್‌ಫೀಲ್ಡ್ಸ್ ಎಂದು ಹೆಸರಾಯಿತು. ಮುಂದೆ ರೈಲ್ವೆ ಕೆಲಸಕ್ಕೆ ಬಂದ ತಮಿಳರು ಅಲ್ಲಿ ನೆಲೆಸಿದರು. ಮಲ್ಲಿಗೆ ಹೂವಿನ ಮಾಲೆಯನ್ನೂ ಬಾಳೆಲೆ ಊಟವನ್ನೂ ಇವತ್ತಿಗೂ ಅಲ್ಲಿ ಕಾಣಬಹುದು.

ಅಲ್ಲಿಂದ ಮೆರ್ಡೆಕಾ ಚೌಕಕ್ಕೆ ಬಂದರೆ ಎದುರಿಗೆ ಸುಲ್ತಾನ್ ಅಬ್ದುಲ್ ಸಮದ್ ಕಟ್ಟಡ. ಗುಮ್ಮಟ, ಕಮಾನು, ಗಡಿಯಾರದ ಗೋಪುರ. ಮೈಸೂರು ಅರಮನೆಯನ್ನು ನೋಡಿದವರಿಗೆ ಇದು ಪರಿಚಿತವೆನಿಸದೆ ಇರದು. ಎರಡೂ ಇಂಡೋ–ಸಾರಸೆನಿಕ್ ಶೈಲಿಯವು. ಅದು ಮುಗಿದ 1897ರಲ್ಲೇ ಮೈಸೂರಿನ ಹಳೆಯ ಅರಮನೆ ಸುಟ್ಟು, ಹೆನ್ರಿ ಇರ್ವಿನ್ ವಿನ್ಯಾಸದ ಹೊಸದಕ್ಕೆ ಕಾರಣವಾಯಿತು. ಭಾರತದಲ್ಲಿ ರೂಪುಗೊಂಡ ಈ ಮಿಶ್ರ ಶೈಲಿಯನ್ನು ವಸಾಹತು ಆಡಳಿತ ಮಲಯಕ್ಕೆ ಸಾಗಿಸಿತು. ಮುಸ್ಲಿಂ ಸುಲ್ತಾನರ ನಾಡಿಗೆ ಗುಮ್ಮಟವೇ ಒಪ್ಪುತ್ತದೆ ಎಂಬುದು ಆಳುವವರ ತೀರ್ಮಾನ. ಮಲಯ ಜನರ ಸ್ವಂತ ಮನೆಗಳೋ, ಕಂಬಗಳ ಮೇಲೆ ನಿಂತ ಮರದ ಮನೆಗಳು.

ಸುಮಾರು ನೂರು ವರ್ಷಗಳ ನಂತರ ಅದೇ ಪ್ರಶ್ನೆ ಮತ್ತೆ ಎದ್ದಿತು: ಈ ನಾಡಿನ ಗುರುತು ಹೇಗಿರಬೇಕು? ಈ ಸಲ ಕೇಳಿದ್ದು ಸ್ವತಂತ್ರ ಸರ್ಕಾರ. ಆಯ್ದ ಜಾಗ ಸೆಲಂಗೋರ್ ಟರ್ಫ್ ಕ್ಲಬ್ಬಿನ ಕುದುರೆ ಜೂಜಿನ ಮೈದಾನ. ವಸಾಹತು ಕಾಲದ ವಿನೋದದ ನೆಲದ ಮೇಲೆ ಹೊಸ ರಾಷ್ಟ್ರದ ಹೆಮ್ಮೆಯನ್ನು ಕಟ್ಟುವ ಯೋಜನೆ ಅದು. ಅರ್ಜೆಂಟೀನಾ ಮೂಲದ ವಾಸ್ತುಶಿಲ್ಪಿ ಸೀಸರ್ ಪೆಲ್ಲಿ ಇಸ್ಲಾಮಿಕ್ ಕಲೆಯ ಎಂಟು ಮೂಲೆಗಳ ನಕ್ಷತ್ರವನ್ನು ತಳವಿನ್ಯಾಸಕ್ಕೆ ತೆಗೆದುಕೊಂಡ. ಒಂದು ಗೋಪುರವನ್ನು ಜಪಾನಿನ ಕಂಪನಿಗಳ ಕೂಟವೂ ಇನ್ನೊಂದನ್ನು ಕೊರಿಯಾದ ಕೂಟವೂ ಪೈಪೋಟಿಯಲ್ಲಿ ಕಟ್ಟಿದವು.

ಆದರೆ ನೆಲ ಸುಲಭವಾಗಿ ಒಪ್ಪಲಿಲ್ಲ. ಕೆಳಗೆ ಸುಣ್ಣದ ಕಲ್ಲು. ನೀರು ಕೊರೆದ ಪೊಳ್ಳುಗಳು. ಮೊದಲು ಗೊತ್ತುಮಾಡಿದ ಜಾಗದಲ್ಲಿ ಬಂಡೆ ಒಂದು ಬದಿಗೆ ಮೇಲೆಯೇ ಸಿಕ್ಕರೆ ಇನ್ನೊಂದು ಬದಿಗೆ ಬಹಳ ಆಳಕ್ಕೆ ಇಳಿದಿತ್ತು. ಕಟ್ಟಡವನ್ನೇ ಸುಮಾರು 60 ಮೀಟರ್ ಪಕ್ಕಕ್ಕೆ ಸರಿಸಿ, ಆಳವಾದ ಕಾಂಕ್ರೀಟ್ ಕಂಬಗಳನ್ನು ಇಳಿಸಬೇಕಾಯಿತು. ನಗರದ ಉತ್ತರಕ್ಕಿರುವ ಬಾಟು ಗುಹೆಗಳೂ ಇಂಥದೇ ಸುಣ್ಣದ ಕಲ್ಲಿನವು. ಅಲ್ಲಿ ತಂಬುಸ್ವಾಮಿ ಪಿಳ್ಳೈ 1891ರಲ್ಲಿ ಮುರುಗನನ್ನು ಸ್ಥಾಪಿಸಿದರು. ಎಂಜಿನಿಯರರಿಗೆ ತೊಡಕಾದ ಕಲ್ಲಿನ ಪೊಳ್ಳು ಕೂಲಿಕಾರರಿಗೆ ಗರ್ಭಗುಡಿಯಾಗಿತ್ತು. ತೈಪೂಸಂ ದಿನ 272 ಮೆಟ್ಟಿಲು ಹತ್ತುವ ಕಾವಡಿಗಳ ಸಾಲು ನೋಡಿದರೆ ಈ ನಗರದ ಎತ್ತರಕ್ಕೆ ಇನ್ನೊಂದು ಅಳತೆಯೂ ಇದೆ ಎನಿಸುತ್ತದೆ.

88 ಅಂತಸ್ತು, 452 ಮೀಟರ್. ಶಿಕಾಗೋದ ಸಿಯರ್ಸ್ ಗೋಪುರವನ್ನು ಹಿಂದಿಕ್ಕಿ ಜಗತ್ತಿನ ಅತಿ ಎತ್ತರದ ಕಟ್ಟಡವೆಂಬ ಬಿರುದು ಸಿಕ್ಕಿತು. ಅಷ್ಟರಲ್ಲಿ 1997ರ ಏಷ್ಯಾದ ಹಣಕಾಸು ಬಿಕ್ಕಟ್ಟು ಎರಗಿ ರಿಂಗಿಟ್ ಕುಸಿದಿತ್ತು. 1999ರಲ್ಲಿ ಪ್ರಧಾನಿ ಮಹಾತೀರ್ ಉದ್ಘಾಟಿಸಿದಾಗ ಇದು ಆತ್ಮಗೌರವವೋ ಆಡಂಬರವೋ ಎಂಬ ಚರ್ಚೆ ಸಹಜವಾಗಿತ್ತು. 2004ರಲ್ಲಿ ತೈಪೆ 101 ಆ ಬಿರುದನ್ನು ಕಸಿದುಕೊಂಡಿತು. ಈಗ ಅದೇ ಊರಿನಲ್ಲಿ, ಸ್ವಾತಂತ್ರ್ಯ ಘೋಷಣೆಯಾದ ಮೈದಾನದ ಪಕ್ಕ, 678.9 ಮೀಟರಿನ ಮೆರ್ಡೆಕಾ 118 ನಿಂತಿದೆ.

ಎತ್ತರದ ಬಿರುದು ಹೋದ ಮೇಲೂ ಜೋಡಿ ಗೋಪುರಗಳು ಜನರನ್ನು ಸೆಳೆಯುತ್ತಿವೆ. ಕಾರಣ ಅವುಗಳ ನಡುವಿನ ಖಾಲಿ ಜಾಗ ಎಂದು ನನಗನಿಸುತ್ತದೆ. 41 ಮತ್ತು 42ನೆಯ ಅಂತಸ್ತುಗಳಲ್ಲಿ ಎರಡನ್ನೂ ಬೆಸೆಯುವ ಸೇತುವೆ ಆ ಖಾಲಿ ಜಾಗವನ್ನು ಆಕಾಶಕ್ಕೆ ತೆರೆದ ಬಾಗಿಲಾಗಿಸಿದೆ. ಗಾಳಿಗೆ ಗೋಪುರಗಳು ಬೇರೆಬೇರೆಯಾಗಿ ತೂಗಿದರೂ ಮುರಿಯದಂತೆ, ತುದಿಗಳು ಜಾರುವಂತೆ ಅದನ್ನು ಕೂರಿಸಿದ್ದಾರೆ. ಮಲಯ, ಚೀನೀ, ತಮಿಳು ಜನ ಒಟ್ಟಿಗೆ ಬಾಳಬೇಕಾದ ದೇಶಕ್ಕೆ ನಕ್ಷತ್ರಕ್ಕಿಂತ ಈ ಸಡಿಲ ಬೆಸುಗೆಯೇ ಹೆಚ್ಚು ಒಪ್ಪುವ ಲಾಂಛನ. ನಕ್ಷತ್ರ ಒಬ್ಬರ ಪರಂಪರೆಯನ್ನು ಹೇಳುತ್ತದೆ. ಅಂಪಾಂಗಿನ ದಾರಿಯಲ್ಲಿ ಸತ್ತವರ, ಇಟ್ಟಿಗೆ ಸುಟ್ಟವರ, ಹಳಿ ಹಾಸಿದವರ ಹೆಸರುಗಳು ಯಾವ ತಳವಿನ್ಯಾಸದಲ್ಲೂ ಇಲ್ಲ. ಅವರನ್ನು ಕಾಣಬೇಕಾದರೆ ಲಿಫ್ಟಿನಿಂದ ಇಳಿದು ನದಿಯವರೆಗೆ ನಡೆಯಬೇಕು.